ನೋಯದ ಕೈಗೆ ಮೊದಲು

ನೋವು ಎಷ್ಟಿದೆ ಎಂದು ನೋಯುವವರನ್ನು ಕೇಳುವ ಕಾಲ ಹೋಗಿ, ಗಾಜನ್ನು ಕೇಳುವ ಕಾಲ ಬಂದಿತ್ತು. ಕಪ್ಪತಗುಡ್ಡದ ಬುಡದ ಆ ಊರಿಗೂ ಬಂದಿತ್ತು.

ಕೆಂಪುಜ್ವರ ಊರೂರು ಸುತ್ತಿ ಹೋದ ಮೇಲೆ ಅದರ ಬಾಲವಾಗಿ ಉಳಿದದ್ದು ನರಗಿಚ್ಚು. ಜ್ವರ ಇಳಿದು, ಬದುಕಿದೆವಲ್ಲ ಎಂದು ಜನ ಹೊಲಮನೆ ಕಡೆ ಮುಖ ಮಾಡುವ ಹೊತ್ತಿಗೆ ಒಬ್ಬರಿಗೆ ಕೈ, ಇನ್ನೊಬ್ಬರಿಗೆ ಕಾಲು ಒಳಗಿನಿಂದ ಉರಿಯಲು ತೊಡಗುತ್ತಿತ್ತು. ಹೊರಗೆ ನೋಡಿದರೆ ಗಾಯವಿಲ್ಲ, ಬೊಬ್ಬೆಯಿಲ್ಲ. ಸೆರಗಿನ ಗಾಳಿ ತಾಗಿದರೂ ಕೆಂಡ ಮುಟ್ಟಿದವರ ಹಾಗೆ ಚೀರುತ್ತಿದ್ದರು. ಮೊದಲು ಉರಿ, ಆಮೇಲೆ ಜೋಮು, ಅದಾದ ಮೇಲೆ ಆ ಕೈ ಅವರದಲ್ಲ; ಮೈಗೆ ಅಂಟಿಕೊಂಡ ಕಟ್ಟಿಗೆ, ಅಷ್ಟೆ.

ಫಕೀರವ್ವನ ಮಗಳು ಪಾರವ್ವನಿಗೆ ಅದು ಬಲಗೈಗೆ ಬಂತು. ರೊಟ್ಟಿ ಬಡಿಯುವ ಕೈಗೆ.

ಬಸ್ ನಿಲ್ದಾಣದ ಎದುರಿಗೆ ಅವರದೊಂದು ಸಣ್ಣ ಖಾನಾವಳಿ. ಪಾರವ್ವನ ಗಂಡ ಜ್ವರದಲ್ಲೇ ತೀರಿಕೊಂಡ ಮೇಲೆ ಅವಳ ಅಂಗೈಯೇ ಆ ಮನೆಗೆ ಕಂಬ. ಅವಳು ಜೋಳದ ಹಿಟ್ಟು ನಾದಿ, ತಟ್ಟುತ್ತ ತಟ್ಟುತ್ತ ತಿರುಗಿಸಿದರೆ ರೊಟ್ಟಿ ಅಂಚು ಹರಿಯದೆ ಎಲೆಯಷ್ಟು ತೆಳ್ಳಗಾಗುತ್ತಿತ್ತು. ಬಸ್ಸಿನ ಡ್ರೈವರುಗಳು ಇಳಿದು ಬಂದು ಹೇಳುವ ಮೊದಲೇ ಹಾರ್ನ್ ಹೊಡೆದು ತಮಗೆಷ್ಟು ಬೇಕೆಂದು ತಿಳಿಸುತ್ತಿದ್ದರು. ಮೂರು ಸಲ ಹೊಡೆದರೆ ಮೂರು ರೊಟ್ಟಿ. ಒಲೆಯ ಮುಂದಿನಿಂದ ಪಾರವ್ವ, "ಹೊಟ್ಟಿ ಐತೋ ಕಾಳ ತುಂಬೂ ಹಗೇವು ಐತೋ ಯಪ್ಪಾ ನಿಂದು!" ಎಂದು ಕೂಗುವಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಫಕೀರವ್ವ ನಾಟಿ ಮದ್ದಿನ ಮನೆಯವಳು. ಉಳುಕು, ವಾಯು, ಬಾವು, ನರ ಹಿಡಿದದ್ದು, ಏನಿದ್ದರೂ ಸುತ್ತಲಿನವರು ಅವಳ ಜಗುಲಿಗೆ ಬಂದು ಕೂರುತ್ತಿದ್ದರು. ಗುಡ್ಡದ ಹಳ್ಳದ ಬದಿಯ ಲಕ್ಕಿ ಗಿಡದ ಸೊಪ್ಪು, ಔಡಲೆಣ್ಣೆ, ಶುಂಠಿ, ಬಜೆ. ಸೊಪ್ಪಿನ ರಸ ಎಣ್ಣೆಯಲ್ಲಿ ಸಿಡಿಯುವುದು ನಿಂತು ಮೌನವಾದಾಗ ಇಳಿಸಬೇಕು. ಅದು ಅವಳ ಅವ್ವ ಕಲಿಸಿದ್ದು. ಇನ್ನೊಂದು ಮಾತನ್ನೂ ಅವಳ ಅವ್ವ ಕಲಿಸಿದ್ದಳು: ನೋಯದ ಕೈಗೆ ಮೊದಲು. ಎಡಗೈ ಉಳುಕಿದ್ದರೆ ಎಣ್ಣೆ ಬಲಗೈಗೆ ಮೊದಲು ಬೀಳಬೇಕು, ಕಾವು ಬಲಗೈಗೆ ಮೊದಲು ತಾಗಬೇಕು. ಚೆನ್ನಾಗಿರುವ ಕೈ ಸುಖ ಎಂದರೇನೆಂದು ಮೈಗೆಲ್ಲ ನೆನಪು ಮಾಡಿಕೊಡುತ್ತದೆ, ಆಮೇಲೆ ನೋಯುವ ಕೈ ಅಂಜದೆ ಬಿಟ್ಟುಕೊಡುತ್ತದೆ ಎಂದು ಆ ಮನೆಯ ನಂಬಿಕೆ. ಫಕೀರವ್ವ ಆಯುಷ್ಯದಲ್ಲಿ ಒಮ್ಮೆಯೂ ಅದನ್ನು ತಪ್ಪಿಸಿದವಳಲ್ಲ.

ಮಗಳಿಗೂ ಹಾಗೆಯೇ ಹಚ್ಚಿದಳು. ಎಡಗೈಗೆ ಮೊದಲು, ಬಲಗೈಗೆ ಆಮೇಲೆ. ಹಂಚಿನ ಮೇಲೆ ಬಾಡಿಸಿದ ಲಕ್ಕಿ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. ಉರಿ ಇಳಿಯಿತು. ಸುಳ್ಳಲ್ಲ, ಕಣ್ಣಿಗೆ ಕಾಣುವಂತೆ ಇಳಿಯಿತು. ಪಾರವ್ವ ಉಂಡಳು, ನಿದ್ದೆ ಮಾಡಿದಳು. ಎರಡು ದಿನ ಬಿಟ್ಟು ಮತ್ತೆ ಏರಿತು. ಮತ್ತೆ ಹಚ್ಚಿದಳು.

"ಯವ್ವಾ, ನಿನ್ನ ಎಣ್ಣಿ ಇರೂತನ ನನಗೇನು ಚಿಂತಿ" ಎಂದಳು ಪಾರವ್ವ.

ಆ ಮಾತಿಗೆ ಫಕೀರವ್ವ ಹಿಗ್ಗಿದ್ದಳು.

*

ಊರಾಚೆ, ಬಸ್ಸಿನಲ್ಲಿ ಹೋಗುವಷ್ಟು ದೂರ, ಮುಚ್ಚಿಹೋಗಿದ್ದ ಹತ್ತಿ ಗಿರಣಿಯಲ್ಲಿ ನರದ ದವಾಖಾನೆ ತೆರೆದಿತ್ತು. ಹತ್ತಿ ಒಟ್ಟುತ್ತಿದ್ದ ದೊಡ್ಡ ಕೋಣೆಯನ್ನು ಕತ್ತಲೆ ಮಾಡಿ ನಡುವೆ ಗಾಜಿನ ಮೇಜು ಇಟ್ಟಿದ್ದರು. ಎರಡೂ ಅಂಗೈಗಳನ್ನು ಅದರ ಮೇಲಿಟ್ಟರೆ ಎದುರಿನ ಗೋಡೆಯ ಮೇಲೆ ಎರಡು ಕೈ ಮೂಡುತ್ತಿದ್ದವು. ಚರ್ಮವಿಲ್ಲದೆ, ಎಲುಬಿಲ್ಲದೆ, ಬರೀ ನರಗಳ ಕೈ. ಚೆನ್ನಾಗಿರುವ ನರ ನೀಲಿ, ಬಾತು ಉರಿಯುತ್ತಿರುವ ನರ ಕೆಂಪು. ಕೆಳಗೆ ಒಂದು ಅಂಕಿ. ಹತ್ತರಲ್ಲಿ ಏಳು ದಾಟಿದರೆ ಮದ್ದುಂಟು. ದಾಟದಿದ್ದರೆ ಮುಂದಿನ ತಿಂಗಳು ಬನ್ನಿ.

ಗಾಜನ್ನು ನೋಡಿಕೊಳ್ಳುವವಳು ಸಬೀಹಾ. ಹುಬ್ಬಳ್ಳಿಯ ಕಡೆಯವಳು, ಮೂವತ್ತು ದಾಟಿದ ಹೆಂಗಸು. ದಿನವಿಡೀ ಚೀರಾಟ ಕೇಳಿ ಕೇಳಿ ಅವಳ ದನಿ ತಾನಾಗಿ ಸಣ್ಣದಾಗಿತ್ತು.

ಪಾರವ್ವನ ಕೈ ಗೋಡೆಯ ಮೇಲೆ ಮೂಡಿತು. ಎಡಗೈ ನೀಲಿ. ಬಲಗೈ ಮಸುಕು ಕೆಂಪು. ಅಂಕಿ ಐದು.

"ಐದೇನ?" ಪಾರವ್ವ ಸಿಟ್ಟಿಗೆದ್ದಳು. "ಬಾಯಾರ, ನಿಮ್ಮ ಗಾಜಿಗೆ ಕಣ್ಣ ಇಲ್ಲೇನ್ರಿ? ಉರಿ ಎದ್ದಾಗ ಈ ಕೈ ಕಡದ ಒಗೀಬೇಕ ಅನಸ್ತೈತಿ ನನಗ."

ಸಬೀಹಾ ಅಂಗೈಯ ಹತ್ತಿರ ಮೂಗು ತಂದಳು. "ಏನ ಹಚ್ಚೀರಿ?"

"ನನ್ನ ಎಣ್ಣಿರಿ. ಲಕ್ಕಿ ತಪ್ಪಲದ್ದು" ಎಂದಳು ಫಕೀರವ್ವ.

ಸಬೀಹಾ ಬೈಯಲಿಲ್ಲ. ಸ್ಟೂಲನ್ನು ಎಳೆದುಕೊಂಡು ಫಕೀರವ್ವನ ಎದುರಿಗೆ ಕೂತಳು. "ಯವ್ವಾ, ನಿಮ್ಮ ಎಣ್ಣಿ ಸುಳ್ಳಲ್ಲ. ಬಾವು ಖರೇನ ಇಳಸ್ತೈತಿ. ಅದ ತ್ರಾಸ ಆಗೇತಿ ನೋಡ್ರಿ."

ಅವಳು ಬಿಡಿಸಿ ಹೇಳಿದಳು. ವಿದ್ಯುತ್ ತಂತಿಗೆ ಮೇಲೊಂದು ರಬ್ಬರಿನ ಹೊದಿಕೆ ಇರುವಂತೆ ನರಕ್ಕೂ ಒಂದು ಸಿಪ್ಪೆ ಇದೆ. ಜ್ವರ ಹೋದ ಮೇಲೆ ಮೈಯ ಕಾವಲಿನವರಿಗೇ ತಲೆ ತಿರುಗಿ, ಕಳ್ಳ ಇನ್ನೂ ಇದ್ದಾನೆಂದು ಆ ಸಿಪ್ಪೆಯನ್ನು ತಿನ್ನುತ್ತಿದ್ದಾರೆ. ಬಾವು, ಉರಿ ಎಲ್ಲ ಅದರ ಗದ್ದಲ. ಲಕ್ಕಿ ಎಣ್ಣೆ ಗದ್ದಲವನ್ನು ಅಡಗಿಸುತ್ತದೆ. ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಪಕ್ಕದ ಕೋಣೆಯ ಕಿಟಕಿಯಿಂದ ಅವಳು ಮದ್ದನ್ನು ತೋರಿಸಿದಳು. ಬೆಚ್ಚಗಿನ ಕಪಾಟಿನಲ್ಲಿ ಸಣ್ಣ ಸಣ್ಣ ಗಾಜಿನ ತಟ್ಟೆಗಳು, ಪ್ರತಿಯೊಂದರಲ್ಲೂ ಹಾಲಿನ ಕೆನೆಯಂಥ ಒಂದು ಪೊರೆ. ಜೀವಂತ ಪೊರೆ. ಅದನ್ನು ನರಕ್ಕೆ ಸುತ್ತಿದರೆ ಹೊಸ ಸಿಪ್ಪೆಯಾಗಿ ಕೂಡಿಕೊಳ್ಳುತ್ತದೆ. ಬೆಳೆಯಲು ಒಂದು ತಿಂಗಳು ಬೇಕು, ಅರ್ಧಕ್ಕರ್ಧ ತಟ್ಟೆಯಲ್ಲೇ ಸಾಯುತ್ತವೆ. ಉರಿ ಜೋರಿರುವ ನರಕ್ಕೆ ಮಾತ್ರ ಅದು ಹತ್ತುತ್ತದೆ. ತಣ್ಣಗಿರುವುದಕ್ಕೆ ಹತ್ತುವುದಿಲ್ಲ, ಸತ್ತದ್ದಕ್ಕಂತೂ ಇಲ್ಲವೇ ಇಲ್ಲ. ಅದಕ್ಕೇ ಏಳರ ಗೆರೆ. ಗಾಜು ಏಳು ಎಂದರಷ್ಟೇ ಕಪಾಟಿನ ಬಾಗಿಲು ತೆರೆಯುವುದು, ಸಬೀಹಾ ಹೇಳಿದರೂ ಇಲ್ಲ.

"ಹಂಗಾರ ನಾ ಏನ ಮಾಡ್ಲಿ?" ಎಂದಳು ಫಕೀರವ್ವ.

"ಏನೂ ಮಾಡಬ್ಯಾಡ್ರಿ. ಆ ಕೈಗೆ ಎಣ್ಣಿ ಇಲ್ಲ, ಕಾವಿಲ್ಲ. ಉರೀಲಿ. ಮುಂದಿನ ತಿಂಗಳ ಬರ್ರಿ."

ಬಸ್ಸಿಳಿಯುವಾಗ ಪಾರವ್ವ ಅಂದಳು: "ಊರ ಮಂದಿಗೆಲ್ಲಾ ಹಚ್ಚತೀ. ನನಗಷ್ಟ ಇಲ್ಲ ಅಂದಂಗಾತು."

*

ಆ ತಿಂಗಳು ಹೇಗೆ ಕಳೆಯಿತು ಎಂದು ಕೇಳಿದರೆ ಫಕೀರವ್ವ ಹೇಳಲಾರಳು. ಕಳೆಯಲಿಲ್ಲ ಅದು.

ಮೊದಲ ಕೆಲವು ದಿನ ಪಾರವ್ವ ಹಲ್ಲು ಕಚ್ಚಿದಳು. ಆಮೇಲೆ ಕೈಯನ್ನು ಹೊರಗಿನ ಕಲ್ಲುಬಾನಿಯ ನೀರಿನಲ್ಲಿ ಅದ್ದಿಕೊಂಡು ಕೂರತೊಡಗಿದಳು. ಹತ್ತಿರ ಯಾರೂ ಸುಳಿಯುವಂತಿಲ್ಲ. ಬೆಕ್ಕು ಬಾಲ ಬೀಸಿ ಹೋದರೂ ಕೂಗುವಳು. ಖಾನಾವಳಿ ಬಾಗಿಲು ಹಾಕಿತು. ತಿಳಿಯದ ಡ್ರೈವರುಗಳು ಹಾರ್ನ್ ಹೊಡೆದರೆ ಆ ಸದ್ದೂ ಅವಳ ಕೈಯೊಳಗೆ ಹೋಗುತ್ತಿತ್ತು.

"ಒಂಚೂರು ಹಚ್ಚ ಯವ್ವಾ. ಬೆರಳ ತುದೀಗಷ್ಟ. ಗಾಜಿಗೆ ತಿಳಿಯೂದಿಲ್ಲ."

"ತಿಳೀತೈತಿ ಪಾರೀ. ವಾಸನಿ ಹಿಡಿದಳಲ್ಲ ಆಕಿ."

"ನೀ ನನ್ನ ಹಡದಾಕೀನ ಅಲ್ಲ."

ಫಕೀರವ್ವ ಎಣ್ಣೆಯ ಭರಣಿಯನ್ನು ಎತ್ತಿಕೊಂಡು ಹೋಗಿ ನೆರೆಯ ಶಿವಗಂಗಕ್ಕನ ಮನೆಯಲ್ಲಿಟ್ಟು ಬಂದಳು. ತನ್ನ ಕೈಯನ್ನೇ ತಾನು ನಂಬದಂತಾಗಿತ್ತು ಅವಳಿಗೆ. ಶಿವಗಂಗಕ್ಕ ಬಾಯಿ ಬಿಗಿಹಿಡಿಯುವ ಹೆಂಗಸಲ್ಲ. "ಏನ ಫಕೀರವ್ವಾ, ನಮ್ಮ ಮನಿ ಎಮ್ಮಿ ಕಾಲಿಗೂ ಕಾವು ಕೊಟ್ಟಾಕಿ ನೀನು. ಹೊಟ್ಟೀಲೆ ಹುಟ್ಟಿದ್ದು ಹಂಗ ಒದರಾಕತ್ತೇತಿ, ಕಿವಿಗೆ ಹತ್ತಿ ತುರಕ್ಕೊಂಡೀಯೇನ?" ಎಂದು ಬೀದಿಗೆ ಕೇಳುವಂತೆ ಅಂದಳು. ಫಕೀರವ್ವ ನಿಂತು ಕೇಳಿಸಿಕೊಂಡಳು. ಭರಣಿಯನ್ನು ಮಾತ್ರ ವಾಪಸು ತರಲಿಲ್ಲ. ಸಂಜೆಯ ಹೊತ್ತಿಗೆ ಶಿವಗಂಗಕ್ಕನೇ ಒಂದು ಬಟ್ಟಲು ಅಂಬಲಿ ತಂದು ಮಾತಿಲ್ಲದೆ ಹೊಸ್ತಿಲ ಮೇಲಿಟ್ಟು ಹೋದಳು.

ಕೂಗಾಟಕ್ಕಿಂತ ಕೆಟ್ಟದ್ದು ಪಾರವ್ವ ಕೂಗುವುದನ್ನು ಬಿಟ್ಟದ್ದು. ಒಂದು ಸಂಜೆ ಗೋಡೆಗೆ ಒರಗಿ ಕೂತವಳು ಎಡಗೈಯನ್ನು ಅವ್ವನ ಕಡೆ ಚಾಚಿದಳು.

"ಈ ಕೈಗರ ಹಚ್ಚ. ಇದಕ್ಕ ಬ್ಯಾಡ ಅಂದಿಲ್ಲಲ್ಲ ಆಕಿ. ನಿನ್ನ ಕೈ ನನ್ನ ಮೈಮ್ಯಾಲ ಇರ್ಲಿ ಯವ್ವಾ, ಅಷ್ಟ ಸಾಕು."

ಅದಕ್ಕೆ ಯಾವ ತಾಯಿ ಇಲ್ಲ ಅಂದಾಳು. ಶಿವಗಂಗಕ್ಕನ ಮನೆಯಿಂದ ಬಟ್ಟಲಿನಷ್ಟು ಎಣ್ಣೆ ತಂದು ಎಡಗೈಗೆ ಹಚ್ಚಿದಳು. ನೋಯದ ಕೈಗೆ ಮೊದಲು. ಆಮೇಲಿನದು ಇಲ್ಲ. ಎಡಗೈಯ ಬೆರಳು ಬೆರಳಿಗೂ ನಿಧಾನಕ್ಕೆ ತಿಕ್ಕಿದಳು, ಬಿಸಿ ಸೊಪ್ಪಿನ ಗಂಟನ್ನು ಒತ್ತಿದಳು. ಪಾರವ್ವ ಕಣ್ಣು ಮುಚ್ಚಿದಳು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೂಸಿನ ಹಾಗೆ ಅದುರುತ್ತಿತ್ತು. ಅಂದಿನಿಂದ ಸಂಜೆಯಾದರೆ ತಾಯಿ ಮಗಳಿಗೆ ಅದೊಂದೇ ಆಸರೆ.

ದವಾಖಾನೆಗೆ ಹೋಗುವ ದಿನ ಬೆಳಿಗ್ಗೆ ಫಕೀರವ್ವ ಇನ್ನೂ ಚೆನ್ನಾಗಿ ಕಾವು ಕೊಟ್ಟಳು. ಧೈರ್ಯ ಬರಲಿ ಎಂದು. ಬಸ್ಸಿನ ಗಾಳಿಗೆ ಆರಬಾರದೆಂದು ಸೊಪ್ಪಿನ ಗಂಟನ್ನು ಅಂಗೈಗೆ ಕಟ್ಟಿ, ಮೇಲೆ ಉಣ್ಣೆಯ ಬಟ್ಟೆ ಸುತ್ತಿದಳು.

*

ಗೋಡೆಯ ಮೇಲೆ ಬಲಗೈ ಮೂಡಿದಾಗ ಫಕೀರವ್ವನಿಗೆ ಅಂಜಿಕೆಯೂ ಆಯಿತು, ಸಮಾಧಾನವೂ ಆಯಿತು. ನಿಗಿನಿಗಿ ಕೆಂಪು. ಒಲೆಯ ಬಾಯಿ ನೋಡಿದಂತಿತ್ತು.

ಅಂಕಿ ಬಂತು. ಆರು.

ಸಬೀಹಾ ಗಾಜನ್ನು ಒರೆಸಿದಳು. ಮತ್ತೆ ಇಡಿಸಿದಳು. ಆರೇ. ಅವಳು ಗೋಡೆಯ ಹತ್ತಿರ ಹೋಗಿ ನಿಂತು ಬಲಗೈಯನ್ನು ನೋಡಿದಳು, ಎಡಗೈಯನ್ನು ನೋಡಿದಳು. ಎಡಗೈ ನೀಲಿಯಾಗಿರಲಿಲ್ಲ. ತಿಳಿಗೆಂಪಿಗೆ ತಿರುಗಿತ್ತು.

"ಈ ಕೈಗೆ ಏನ ಮಾಡೀರಿ?"

ಫಕೀರವ್ವ ಉಣ್ಣೆಯ ಬಟ್ಟೆಯನ್ನು ಸೆರಗಿನಲ್ಲಿ ಮುದುಡಿ ಹಿಡಿದುಕೊಂಡಿದ್ದಳು. "ಅದು ಒಳ್ಳೇ ಕೈ ಅಲ್ರಿ. ಅದಕ್ಕ ಹಚ್ಚೀನ್ರಿ. ಮುಂಜಾನಿ ಕಾವು ಕೊಟ್ಟೀನಿ. ನಮ್ಮಲ್ಲಿ ನೋಯದ ಕೈಗೆ ಮೊದಲ ರಿ..."

ಸಬೀಹಾ ಮೇಜಿನ ಅಂಚನ್ನು ಹಿಡಿದು ತಲೆ ತಗ್ಗಿಸಿದಳು. ಆ ಗಾಜು ಬರೀ ನೋಯುವ ಕೈಯನ್ನು ಅಳೆಯುವುದಲ್ಲ. ಒಬ್ಬರದು ಬಿಸಿ ಮೈ, ಒಬ್ಬರದು ತಣ್ಣನೆ ಮೈ. ಒಬ್ಬರು ಬಿಸಿಲಿನಲ್ಲಿ ನಡೆದು ಬಂದಿರುತ್ತಾರೆ. ಅದಕ್ಕೆ ಅವರವರ ಚೆನ್ನಾಗಿರುವ ಕೈಯನ್ನೇ ಅಳತೆಗಲ್ಲು ಮಾಡಿಕೊಂಡು, ಅದಕ್ಕಿಂತ ಇದು ಎಷ್ಟು ಹೆಚ್ಚು ಎಂದು ತೂಗುತ್ತದೆ. ಅಳತೆಗಲ್ಲಿಗೇ ಕಾವು ಕೊಟ್ಟು ತಂದಿದ್ದಳು ಫಕೀರವ್ವ.

"ಆರಿದ ಮ್ಯಾಲ ಇನ್ನೊಮ್ಮೆ ನೋಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಸಂಜೀತನ ಕುಂದರ್ತೀವಿ."

"ಒಂದ ಕೈ ತಿಂಗಳಿಗೊಂದ ದಿನ ಅಷ್ಟ ನೋಡತೈತಿ ಯವ್ವಾ ಅದು, ಅದೂ ಎರಡ ಸಲ. ಎರಡೂ ಆಗ್ಯಾವ, ಇನ್ನ ಮೂರನೇದು ತಗೊಳ್ಳೂದಿಲ್ಲ. ಮಂದಿ ಅಂಕಿ ಏರ್ಲಿ ಅಂತ ಕೈ ಸುಟಗೊಂಡ, ಬಡಕೊಂಡ, ಕೇರ ಎಣ್ಣಿ ಹಚ್ಚಿ ಬಾಸ್ಕೊಂಡ ಮತ್ತ ಮತ್ತ ಬರಾಕ ಹತ್ತಿದ್ರು. ಅದಕ್ಕ ಹಿಂಗ ಮಾಡ್ಯಾರ."

"ನಾವೇನ ಮೋಸ ಮಾಡಿಲ್ಲಲ್ರಿ."

"ಅದ ಗಾಜಿಗೆ ಹೆಂಗ ತಿಳೀಬೇಕು?"

ಆ ಮಾತು ಆಡಿದವಳ ಕಣ್ಣಲ್ಲೇ ನೀರಿತ್ತು. ಫಕೀರವ್ವ ಕಿಟಕಿಯ ಆಚೆಯ ತಟ್ಟೆಗಳನ್ನು ನೋಡುತ್ತ ನಿಂತಳು. ಒಂದೊಂದು ತಟ್ಟೆ ಒಂದೊಂದು ಕೈ. ಅಷ್ಟು ಹತ್ತಿರ. ಪಾರವ್ವನೇ ಅವ್ವನ ರಟ್ಟೆ ಹಿಡಿದು, "ನಡಿ. ಇನ್ನೊಂದ ತಿಂಗಳ ಅಲ್ಲನ? ಸತ್ತೇನ ಹೋಗೂದಿಲ್ಲ ನಾ" ಎಂದಳು. ಅವ್ವನ ಮೇಲಿನ ಸಿಟ್ಟು ಅವಳ ದನಿಯಲ್ಲಿ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಫಕೀರವ್ವನಿಗೆ ಉಸಿರಾಡಲು ಹಗುರವಾಗುತ್ತಿತ್ತು.

*

ಮುಂದಿನ ತಿಂಗಳು ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಫಕೀರವ್ವ ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಒಳಗಿನಿಂದ ತಟ್ಟುವ ಸದ್ದು ಬಂತು. ಪಟ ಪಟ ಪಟ. ಎಷ್ಟೋ ದಿನದಿಂದ ಕೇಳದ ಸದ್ದು. ಒದ್ದೆ ಮುಖದಲ್ಲೇ ಓಡಿ ಬಂದಳು.

ಪಾರವ್ವ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಬಾಚಿ, ಹಣೆಗೆ ವಿಭೂತಿ ಇಟ್ಟುಕೊಂಡಿದ್ದಳು. "ಯವ್ವಾ! ಉರಿ ಇಲ್ಲ! ಎದ್ದಾಗಿಂದ ಇಲ್ಲ. ನೋಡ ಇಲ್ಲೆ." ಬಲಗೈಯನ್ನು ತೊಡೆಗೆ ಬಡಿದು ತೋರಿಸಿದಳು. "ಏನೂ ಇಲ್ಲ! ತಾನಾಗೇ ಹೋತು!"

ಹೊರಗೆ ಬಸ್ಸೊಂದು ಬಂದು ನಿಂತಿತು. ತೆರೆದ ಬಾಗಿಲು, ಹೊಗೆ ಕಂಡು ಡ್ರೈವರ್ ಬಿಡದೆ ಹಾರ್ನ್ ಹೊಡೆದ. "ಏ, ಎಷ್ಟ ಹೊಡೀತಿ? ಮದುವಿ ಊಟಾ ಮಾಡ್ತೀಯೇನ?" ಎಂದು ಪಾರವ್ವ ಕೂಗಿದಳು. ಬಸ್ಸು ನಕ್ಕಿತು. ಫಕೀರವ್ವನೂ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡು, ಗುಡ್ಡದ ಕಡೆ ತಿರುಗಿ ಕೈ ಮುಗಿದಳು.

ಕೈ ಮುಗಿದಿರುವಾಗಲೇ ಮೂಗಿಗೆ ವಾಸನೆ ಬಡಿಯಿತು. ರೊಟ್ಟಿ ಸುಟ್ಟ ವಾಸನೆ ಅಲ್ಲ ಅದು.

ತಿರುಗಿ ನೋಡಿದರೆ ಪಾರವ್ವ ಬಾಗಿಲಾಚೆಯ ಬಸ್ಸನ್ನು ನೋಡುತ್ತ ನಗುತ್ತಿದ್ದಳು. ಅವಳ ಬಲಗೈಯ ಕೊನೆಯ ಎರಡು ಬೆರಳು ಕಾದ ಹಂಚಿನ ಮೇಲೆ ಒರಗಿದ್ದವು.

ಫಕೀರವ್ವ ಚೀರಿ ಆ ಕೈಯನ್ನು ಎಳೆದಳು. ಪಾರವ್ವ ಬೆಚ್ಚಿದಳು, ಬೆರಳು ನೋಡಿಕೊಂಡಳು. ಚರ್ಮ ಎದ್ದಿತ್ತು. ಆಮೇಲೆ ಅವ್ವನ ಮುಖ ನೋಡಿದಳು.

"ಯವ್ವಾ, ಇದು ನೋಯಾಕ ಬೇಕಿತ್ತಲ್ಲ?"

ಹೊರಗೆ ಡ್ರೈವರ್ ಇನ್ನೊಮ್ಮೆ ಹಾರ್ನ್ ಹೊಡೆದ.

*

ಮೂರನೆಯ ಸಲ ಅವರು ದವಾಖಾನೆಗೆ ಹೋದದ್ದು ಬಲಗೈಗಾಗಿ ಅಲ್ಲ. ಸುಟ್ಟ ಬೆರಳು ಮಾಯುವ ಮೊದಲೇ ಎಡಗೈಯಲ್ಲಿ ಉರಿ ಹತ್ತಿತ್ತು.

ಗೋಡೆಯ ಮೇಲೆ ಈ ಸಲ ಒಂದೇ ಕೈ ಮೂಡಿತು. ಬಲಗೈ ಇರಬೇಕಾದ ಕಡೆ ಕತ್ತಲೆ. ನೀಲಿಯೂ ಇಲ್ಲ, ಕೆಂಪೂ ಇಲ್ಲ. ಎಡಗೈ ಆ ಕತ್ತಲೆಯ ಪಕ್ಕದಲ್ಲಿ ಧಗಧಗ ಉರಿಯುತ್ತಿತ್ತು. ಅಂಕಿ ಒಂಬತ್ತು.

ಪಕ್ಕದ ಕೋಣೆಯಲ್ಲಿ ಕಪಾಟಿನ ಬಾಗಿಲು ಟಕ್ಕೆಂದು ತಾನಾಗಿ ತೆರೆದ ಸದ್ದು ಕೇಳಿಸಿತು.

"ಈಗ ಯಾಕ ತಗೀತು?" ಎಂದಳು ಫಕೀರವ್ವ. "ಉರಿ ಹತ್ತಿ ಎಂಟ ದಿನಾನೂ ಆಗಿಲ್ಲಲ್ರಿ. ಆ ಕೈ ಎಷ್ಟ ಉರದಿತ್ತು, ಆಗ ತಗೀಲಿಲ್ಲ."

ಸಬೀಹಾಗೆ ಹೇಳುವುದು ಕಷ್ಟವಾಯಿತು. "ಸತ್ತ ಕೈ ತಣ್ಣಗಿರತೈತಿ ಯವ್ವಾ. ಅದರ ಜೋಡಿ ತೂಗಿದ್ರ, ಇದು ಭಾಳ ಕಾಣತೈತಿ."

ಫಕೀರವ್ವ ಅರ್ಥ ಮಾಡಿಕೊಂಡಳು. ಬಲಗೈ ಸತ್ತು ಎಡಗೈಗೆ ಬಾಗಿಲು ತೆಗೆದಿತ್ತು.

ಪಾರವ್ವನ ಹೆಸರಿಗೆ ಬಂದ ತಟ್ಟೆಯಲ್ಲಿ ಪೊರೆ ಇನ್ನೂ ಎಳೆಯದು. ಬಲಿಯಲು ವಾರವೋ ಹತ್ತು ದಿನವೋ ಬೇಕು. ಬಲಿತರೆ ಸುತ್ತುವುದು, ತಟ್ಟೆಯಲ್ಲೇ ಸತ್ತರೆ ಇನ್ನೊಂದಕ್ಕೆ ಕಾಯುವುದು. "ಬಲೀತೈತಿ ಅಂತ ನಾ ಮಾತು ಕೊಡಾಕ ಬರೂದಿಲ್ಲ" ಎಂದಳು ಸಬೀಹಾ. "ಅಲ್ಲೀತನ ಎಡಗೈ ಮುಟ್ಟಬ್ಯಾಡ್ರಿ. ಉರಿ ಇಳೀತಂದ್ರ ಪೊರಿ ಹತ್ತೂದಿಲ್ಲ." ಬಾಗಿಲ ತನಕ ಬಂದು ಫಕೀರವ್ವನ ಭುಜ ಹಿಡಿದಳು.

ಮನೆಗೆ ಬಂದ ಮೇಲೆ ಸಂಜೆಯ ಬಸ್ಸು ಹಾರ್ನ್ ಇಲ್ಲದೆ ಹೋಯಿತು. ಪಾರವ್ವ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ಕಲ್ಲುಬಾನಿಯ ನೀರಿನಲ್ಲಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಒಸರಿತ್ತು. ಫಕೀರವ್ವ ನಾಲ್ಕು ಮಾರು ದೂರದಲ್ಲಿ ತನ್ನ ಎರಡೂ ಅಂಗೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೂತಿದ್ದಳು, ಅವು ತಾವಾಗಿ ಎದ್ದು ಹೋಗಿಬಿಟ್ಟಾವೆಂಬಂತೆ.

"ಯವ್ವಾ" ಎಂದಳು ಪಾರವ್ವ. "ಎಣ್ಣಿ ತಾ."

"ಬ್ಯಾಡ ಮಗಳ. ಹತ್ತ ದಿನ. ನನ್ನವ್ವಾ, ಹತ್ತ ದಿನ ತಡಕೋ."

"ಇದಕ್ಕಲ್ಲ."

ಪಾರವ್ವ ಭುಜವನ್ನು ಎತ್ತಿ, ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಅವ್ವನ ಕಡೆಗೆ ಜಾರಿಸಿದಳು. ಬೆರಳುಗಳು ಒಳಕ್ಕೆ ಮಡಚಿಕೊಳ್ಳಲು ತೊಡಗಿದ್ದವು. ಸುಟ್ಟ ಕಡೆ ಕರಿಚಕ್ಕೆ ಕಟ್ಟಿತ್ತು.

"ಇದಕ್ಕ. ನೋಯದ ಕೈಗೆ ಮೊದಲ ಅಲ್ಲೇನ? ಹಚ್ಚ."

ಫಕೀರವ್ವ ಎದ್ದು ಹೋಗಿ ಎಣ್ಣೆ ತಂದಳು. ಒಲೆಯ ಬೂದಿಯ ಮೇಲಿಟ್ಟು ಬೆಚ್ಚಗೆ ಮಾಡಿ, ಮೊದಲು ತನ್ನ ಮುಂಗೈಗೆ ಸವರಿ ಬಿಸಿ ನೋಡಿಕೊಂಡಳು. ಆಮೇಲೆ ಆ ಕೈಯನ್ನು ತನ್ನ ಮಡಿಲಿಗೆ ಎತ್ತಿಕೊಂಡು ಹಚ್ಚತೊಡಗಿದಳು. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ, ಬೆರಳು ಬೆರಳಿಗೂ, ಎಲ್ಲೂ ಅವಸರ ಮಾಡದೆ.

"ಬಿಸಿ ಸಾಕಾ?" ಎಂದು ರೂಢಿಯಂತೆ ಕೇಳಿಬಿಟ್ಟಳು.

ಪಾರವ್ವ ನೀರಿನೊಳಗಿನ ಕೈಯನ್ನು ಮುಷ್ಟಿ ಮಾಡಿ, ಕಣ್ಣು ಮುಚ್ಚಿ ತಲೆಯಾಡಿಸಿದಳು.

"ಸಾಕು ಯವ್ವಾ. ಛಲೋ ಐತಿ."